ಕಲ್ಲು ಸರಿಸಿದೆವು, ಹವಳ ಬಿಟ್ಟೆವು: ಒಂದು ಡಾಮಿನೊ ಮೀನಿನ ಪ್ರಕರಣ

ಮನೆಗಳಲ್ಲಿ ಸಮುದ್ರದ ನೀರಿನ ಅಕ್ವೇರಿಯಂ ಇಟ್ಟುಕೊಂಡವರಿಗೆ ಅದನ್ನು ನೋಡಿಕೊಡುವುದು ನನ್ನ ಕೆಲಸ. ಈ ಪ್ರಕರಣ ಸುಮಾರು ಒಂದೂವರೆ ವರ್ಷ ನನ್ನ ಕಣ್ಣೆದುರಿಗೇ ನಡೆಯಿತು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ. ಮನೆಯ ಹಿರಿಯರು ನಿವೃತ್ತ ಅಧ್ಯಾಪಕರು. ಇಲ್ಲಿ ಅವರು ಬರೀ ‘ಮೇಷ್ಟರು’. ಮೀನಿಗೆ ಅವರ ಮೊಮ್ಮಗಳು ಬೇರೇನೋ ಹೆಸರಿಟ್ಟಿದ್ದಳು. ನಾನು ಚುಕ್ಕಿ ಎಂದು ಕರೆಯುತ್ತೇನೆ.

ಹಿನ್ನೆಲೆ

ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಅಂಚಿನವರೆಗೆ ತುಂಬಿಸಿದರೆ ಸುಮಾರು 255 ಲೀಟರ್. ಕೆಳಗೆ ಸಂಪ್ ಎಂಬ ನೀರು ಸೋಸುವ ಚಿಕ್ಕ ತೊಟ್ಟಿ, ಅದರಲ್ಲಿ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ಪಕ್ಕದಲ್ಲಿ ನೀರು ತಂಪಾಗಿಡುವ ಚಿಲ್ಲರ್, ಕರೆಂಟು ಹೋದರೆ ಪಂಪು ನಿಲ್ಲದಂತೆ ಇನ್ವರ್ಟರ್. ಶುದ್ಧೀಕರಿಸಿದ ನೀರಿಗೆ ಉಪ್ಪು ಬೆರೆಸಿ ಸಾಂದ್ರತೆಯನ್ನು 1.025ರಲ್ಲಿ, ಉಷ್ಣತೆಯನ್ನು 26 ಡಿಗ್ರಿಯಲ್ಲಿ ಹಿಡಿದಿಡುತ್ತಿದ್ದರು. ಮೇಷ್ಟರ ದಿನಚರಿ ಪುಸ್ತಕ ನೋಡಿದಾಗ ನನಗೇ ನಾಚಿಕೆಯಾಯಿತು. ಅಷ್ಟು ಶಿಸ್ತಾಗಿ ನೀರಿನ ಲೆಕ್ಕ ಇಟ್ಟವರನ್ನು ನಾನು ಬೇರೆ ಕಂಡಿಲ್ಲ.

ಬಂಡೆಗಳೆಲ್ಲ ಸಿಮೆಂಟು, ಸೆರಾಮಿಕ್‌ನಿಂದ ಮಾಡಿದವು. ಇದನ್ನು ಹೇಳಲೇಬೇಕು, ಏಕೆಂದರೆ ಈಗಲೂ ಕೆಲವರು ಕಡಲಿನಿಂದ ತೆಗೆದ ‘ಜೀವಂತ ಬಂಡೆ’, ಎಂದರೆ ಸೂಕ್ಷ್ಮಜೀವಿಗಳು ನೆಲೆಸಿದ ಹವಳದ ಕಲ್ಲು, ಕೇಳುತ್ತಾರೆ. ನಮ್ಮ ದೇಶದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವುಗಳಿಗೂ ಇದೆ. ಈ ತೊಟ್ಟಿಯಲ್ಲಿದ್ದದ್ದು ಮೃದು ಹವಳಗಳು ಮಾತ್ರ, ಅವೂ ಇನ್ನೊಬ್ಬ ಹವ್ಯಾಸಿಯ ಮನೆಯಲ್ಲಿ ತುಂಡು ಮಾಡಿ ಬೆಳೆಸಿದವು: ಒಂದಿಷ್ಟು ಜೋಆಂತಸ್, ಒಂದೆರಡು ಅಣಬೆ ಹವಳ, ಎಡ ಮೂಲೆಯಲ್ಲಿ, ತೊಗಲಿನಂಥ ಟೋಪಿಯ ಮೇಲೆ ಕುಚ್ಚುಗಳಿರುವ, ಅಂಗೈ ಅಗಲದ ಒಂದು ಲೆದರ್ ಹವಳ. ಈ ಲೆದರ್ ಹವಳವನ್ನು ನೆನಪಿಡಿ.

ತೊಟ್ಟಿಗೆ ಮೊದಲು ಬಂದ ಮೀನು ಚುಕ್ಕಿ. ಡಾಮಿನೊ ಡ್ಯಾಮ್ಸೆಲ್ ಎಂದು ಕರೆಯುವ ಜಾತಿ, ಶಾಸ್ತ್ರೀಯ ಹೆಸರು ಡ್ಯಾಸಿಲಸ್ ಟ್ರೈಮ್ಯಾಕ್ಯುಲೇಟಸ್. ಎರಡು ಸೆಂಟಿಮೀಟರಿನ ಕಪ್ಪು ಮರಿ, ಹಣೆಯ ಮೇಲೊಂದು, ಎರಡು ಪಕ್ಕೆಗಳಲ್ಲಿ ಒಂದೊಂದು ಬಿಳಿ ಚುಕ್ಕೆ. “ಗಟ್ಟಿ ಮೀನು, ಹೊಸ ನೀರು ಹದಕ್ಕೆ ಬರುವ ತನಕ ಇದನ್ನೇ ಬಿಟ್ಟಿರಿ” ಎಂದು ಮಾರಿದವರು ಹೇಳಿದ್ದರಂತೆ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ವಿಷದ ದಿನಗಳನ್ನು ಡ್ಯಾಮ್ಸೆಲ್‌ಗಳು ಹೇಗೋ ಬದುಕಿ ದಾಟುತ್ತವೆ ಎಂಬ ಒಂದೇ ಕಾರಣಕ್ಕೆ ಅವುಗಳನ್ನು ಮುಂದೆ ದೂಡುವ ಪದ್ಧತಿ ಇನ್ನೂ ಇದೆ. ಇದು ಕ್ರೌರ್ಯ. ಅಮೋನಿಯಂ ಕ್ಲೋರೈಡ್ ಹಾಕಿ, ಮೀನೇ ಇಲ್ಲದೆ ತೊಟ್ಟಿಯನ್ನು ಹದಗೊಳಿಸುವ ದಾರಿ ಎಲ್ಲರಿಗೂ ಗೊತ್ತಿರುವಾಗ ಹೀಗೆ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಚುಕ್ಕಿ ಬದುಕಿತು. ಮೂರನೆಯ ತಿಂಗಳು ಒಂದು ಜೋಡಿ ಕ್ಲೌನ್ ಮೀನು, ಆರನೆಯ ತಿಂಗಳು ಐದು ಹಸಿರು ಕ್ರೋಮಿಸ್, ಆಮೇಲೆ ಒಂದು ಫೈರ್‌ಫಿಶ್ ಬಂದವು.

ತೊಂದರೆ

ನನ್ನನ್ನು ಕರೆದದ್ದು ಹದಿನಾಲ್ಕನೆಯ ತಿಂಗಳು. ಆ ಹೊತ್ತಿಗೆ ಚುಕ್ಕಿ ಏಳು ಸೆಂಟಿಮೀಟರ್ ಆಗಿತ್ತು. ಐದು ಕ್ರೋಮಿಸ್‌ಗಳಲ್ಲಿ ಎರಡು ಉಳಿದಿದ್ದವು. ಫೈರ್‌ಫಿಶ್ ಕಾಣೆಯಾಗಿತ್ತು. ಕ್ಲೌನ್ ಜೋಡಿ ಬಲ ಮೂಲೆಯ ಮೇಲ್ಭಾಗದಲ್ಲಿ, ನೀರು ಕೆಳಗಿಳಿಯುವ ಜಾಲರಿಗೆ ಅಂಟಿಕೊಂಡಂತೆ ನಿಂತಿರುತ್ತಿತ್ತು. ಹೆಣ್ಣು ಕ್ಲೌನ್ ಎಡಕ್ಕೆ ಒಂದು ಗೇಣು ಸರಿದರೂ ಸಾಕು, ಚುಕ್ಕಿ ಬಾಣದಂತೆ ಬಂದು ಪಕ್ಕೆಗೆ ಗುದ್ದುತ್ತಿತ್ತು.

ಕ್ರೋಮಿಸ್ ಸತ್ತದ್ದನ್ನೂ ಮನೆಯವರು ಚುಕ್ಕಿಯ ತಲೆಗೇ ಕಟ್ಟಿದ್ದರು. ಅಲ್ಲಿ ನನಗೆ ಅನುಮಾನವಿತ್ತು. ಹಸಿರು ಕ್ರೋಮಿಸ್‌ಗಳು ಕಡಲಿನಲ್ಲಿ ದೊಡ್ಡ ಗುಂಪಾಗಿ ಇರುತ್ತವೆ. ನಾಲ್ಕೈದನ್ನು ಚಿಕ್ಕ ತೊಟ್ಟಿಯಲ್ಲಿ ಇಟ್ಟರೆ ಅವೇ ತಮ್ಮತಮ್ಮಲ್ಲಿ ಕಾದಾಡಿ ಒಂದೊಂದಾಗಿ ಕಡಿಮೆಯಾಗುವುದು ಸಾಮಾನ್ಯ. ಒಂದು ತೊಟ್ಟಿಯಲ್ಲಿ ಒಂದು ಮೀನಿಗೆ ಕೆಟ್ಟ ಹೆಸರು ಬಂದ ಮೇಲೆ ಎಲ್ಲ ಸಾವೂ ಅದರ ಖಾತೆಗೇ ಬೀಳುತ್ತದೆ. ಹಾಗೆ ಬಿದ್ದರೆ ನಿಜವಾದ ಕಾರಣ ಹುಡುಕುವವರು ಇರುವುದಿಲ್ಲ.

“ಅದನ್ನು ಕೊಟ್ಟುಬಿಡೋಣವೇ?” ಎಂದು ಕೇಳಿದೆ. ಮೇಷ್ಟರು ಬೇಡವೆಂದು ತಲೆಯಾಡಿಸಿದರು. “ಈ ಮನೆಗೆ ಮೊದಲು ಬಂದದ್ದು ಅದು. ಕೆಟ್ಟ ನೀರಿನಲ್ಲಿ ಒಂದು ತಿಂಗಳು ನಮಗಾಗಿ ಒದ್ದಾಡಿದೆ. ಬೇರೆ ಏನಾದರೂ ಹೇಳಿ.”

ಮಾಡಿ ನೋಡಿದ್ದು

ಹೊಟ್ಟೆ ತುಂಬಿದರೆ ಸಿಟ್ಟು ಇಳಿಯಬಹುದೆಂದು ಮೇಷ್ಟರು ನಾನು ಬರುವ ಮುಂಚೆಯೇ ದಿನಕ್ಕೆ ಎರಡು ಸಲದ ಆಹಾರವನ್ನು ನಾಲ್ಕು ಸಲಕ್ಕೆ ಏರಿಸಿದ್ದರು. ಐದು ವಾರದಲ್ಲಿ ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂನಿಂದ 40ಕ್ಕೆ ಹೋಯಿತು, ಬಂಡೆಯ ಮೇಲೆ ಕೂದಲಿನಂಥ ಪಾಚಿ ಹಬ್ಬಿತು, ಚುಕ್ಕಿ ಇನ್ನಷ್ಟು ದುಂಡಗಾಯಿತು. ಅಟ್ಟಾಟ ನಿಲ್ಲಲಿಲ್ಲ. ಬಲಗಡೆಯ ಗಾಜಿಗೆ ಹೊರಗಿನಿಂದ ಕನ್ನಡಿ ಒರಗಿಸಿಯೂ ನೋಡಿದೆವು. ಕನ್ನಡಿ ಇರುವಷ್ಟು ಹೊತ್ತು ತನ್ನ ಬಿಂಬದ ಜೊತೆ ಕಾದಾಡಿತು, ತೆಗೆದ ಕೂಡಲೇ ಮತ್ತಷ್ಟು ಕೆರಳಿ ಕ್ಲೌನ್‌ಗಳ ಮೇಲೆ ಬಿತ್ತು. ಮೂರನೆಯ ದಿನ ಅದನ್ನು ಬಿಟ್ಟೆವು.

ಮುಂದಿನ ಸಲಹೆ ನನ್ನದು. ಬಂಡೆಗಳನ್ನು ಕಿತ್ತು ಬೇರೆ ರೀತಿ ಜೋಡಿಸಿದರೆ ಹಳೆಯ ಗಡಿ ಅಳಿಸಿಹೋಗುತ್ತದೆ, ಎಲ್ಲ ಮೀನುಗಳೂ ಹೊಸಬರಾಗುತ್ತವೆ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರೂ ಹೇಳುವ ಮಾತು. ಒಂದು ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದನ್ನೇ ಮಾಡಿದೆವು. ಕಮಾನು ಕೆಡವಿದೆವು, ಎರಡು ದಿಬ್ಬ ಕಟ್ಟಿದೆವು. ಲೆದರ್ ಹವಳವನ್ನು ಮಾತ್ರ ಅದರ ಬಂಡೆಯ ಸಮೇತ ಎಡ ಮೂಲೆಯಲ್ಲೇ ಬಿಟ್ಟೆವು. ಜಾಗ ಬದಲಾದರೆ ಲೆದರ್ ಹವಳ ವಾರಗಟ್ಟಲೆ ಮುದುಡಿಕೊಂಡುಬಿಡುತ್ತದೆ, ಸುಮ್ಮನೆ ಅದಕ್ಕೇಕೆ ತೊಂದರೆ ಎಂದು ನಾನೇ ಹೇಳಿದೆ.

ಎರಡು ದಿನ ತೊಟ್ಟಿ ಶಾಂತವಾಗಿತ್ತು. ಆ ಶಾಂತಿಯನ್ನು ನಂಬಿ, ಅದೇ ಸಮಯದಲ್ಲಿ ಹೊಸ ಫೈರ್‌ಫಿಶ್ ಒಂದನ್ನು ತೊಟ್ಟಿಗೆ ಬಿಡಿಸಿದೆ. ಈ ಪ್ರಕರಣದಲ್ಲಿ ನನ್ನನ್ನು ಇಂದಿಗೂ ಕಾಡುವ ನಿರ್ಧಾರ ಅದು.

ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮನವರು, ಎಂದರೆ ಮೇಷ್ಟರ ಹೆಂಡತಿ, ಕಸ ಗುಡಿಸುವಾಗ ಸ್ಟ್ಯಾಂಡಿನ ಹಿಂದೆ ಪೊರಕೆಗೆ ಏನೋ ತಗುಲಿತು. ಬೆರಳುದ್ದದ ಮೀನು, ನೆಲಕ್ಕೆ ಅಂಟಿ ಒಣಗಿತ್ತು. ಬಾಲದ ಕೆಂಪು ಕಂದಿತ್ತು. ಬೆನ್ನಿನ ಮೇಲಿನ ಆ ಉದ್ದನೆಯ ಬಿಳಿ ಕಡ್ಡಿ ಮಾತ್ರ ಇನ್ನೂ ನೆಟ್ಟಗೆ ನಿಂತಿತ್ತು. ತೊಟ್ಟಿಗೆ ಬಲೆಯ ಮುಚ್ಚಳವಿತ್ತು, ಆದರೆ ಹಿಂದಿನ ಮೂಲೆಯಲ್ಲಿ ವೈರು ಇಳಿಯಲು ಎರಡು ಬೆರಳಿನಷ್ಟು ಸಂದು ಬಿಟ್ಟಿದ್ದರು. ಬೆದರಿದ ಫೈರ್‌ಫಿಶ್‌ಗೆ ಅಷ್ಟು ಸಂದು ಧಾರಾಳ. ನಾನು ಹೋಗುವಷ್ಟರಲ್ಲಿ ಅವರು ಅದನ್ನು ಒಂದು ಬಾಳೆಲೆಯ ಚೂರಿನ ಮೇಲೆ ಇಟ್ಟಿದ್ದರು. “ಇನ್ನು ಹೊಸ ಮೀನು ಬೇಡಪ್ಪ” ಎಂದಷ್ಟೇ ಅಂದರು. ಆ ಸಂದನ್ನು ಅವತ್ತೇ ಮುಚ್ಚಿದೆ. ಅದಾದ ಮೇಲೆ ಯಾವ ಮನೆಗೆ ಹೋದರೂ ನಾನು ಮೊದಲು ನೋಡುವುದು ಮುಚ್ಚಳದ ಹಿಂದಿನ ಮೂಲೆಯನ್ನು.

ಗಾಜಿನ ಮೇಲಿನ ಗೆರೆಗಳು

ಇಲ್ಲಿಯವರೆಗೆ ನಾವು ಉಪಾಯಗಳನ್ನು ಮಾಡುತ್ತಿದ್ದೆವೇ ಹೊರತು ಮೀನನ್ನು ನೋಡಿರಲಿಲ್ಲ. ಒಂದು ವಾರ ಏನನ್ನೂ ಮುಟ್ಟದೆ ಬರೀ ನೋಡೋಣ ಎಂದವರು ಮೇಷ್ಟರು. ದಸರಾ ರಜೆಗೆ ಮೊಮ್ಮಗಳು ಬಂದಿದ್ದಳು. ಗಾಜಿನ ಮೇಲೆ ಬರೆಯುವ ಮೇಣದ ಪೆನ್ಸಿಲ್ ಅವಳ ಕೈಗೆ ಕೊಟ್ಟರು. ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ. ಚುಕ್ಕಿ ಯಾವುದನ್ನಾದರೂ ಅಟ್ಟಿದರೆ ಅದು ಹೊರಟ ಜಾಗಕ್ಕೆ ಒಂದು ಬೊಟ್ಟು, ಅಟ್ಟುವುದನ್ನು ಬಿಟ್ಟು ಹಿಂದಿರುಗಿದ ಜಾಗಕ್ಕೆ ಒಂದು ಅಡ್ಡಗೆರೆ.

ಎರಡು ದಿನ ಗಾಜು ಗೀಚುಗಳ ಗೊಂದಲವಾಗಿ ಕಂಡಿತು. ನಾಲ್ಕನೆಯ ದಿನ ಸಂಜೆ ದೀಪ ಆರಿಸಿದ ಮೇಲೆ ಹುಡುಗಿ “ತಾತಾ, ಇದು ಕಾಮನಬಿಲ್ಲಿನ ಹಾಗಿದೆ” ಎಂದಳು. ನಿಜ. ಅಡ್ಡಗೆರೆಗಳೆಲ್ಲ ಸೇರಿ ಒಂದು ಬಾಗಿದ ಪಟ್ಟಿಯಾಗಿದ್ದವು. ಆ ಬಿಲ್ಲಿನ ನಟ್ಟನಡುವೆ ಇದ್ದದ್ದು ಹೊಸದಾಗಿ ಕಟ್ಟಿದ ದಿಬ್ಬವಲ್ಲ, ಲೆದರ್ ಹವಳ. ಹವಳದಿಂದ ಹೆಚ್ಚುಕಡಿಮೆ ಎರಡು ಗೇಣು ದೂರದಲ್ಲಿ ಚುಕ್ಕಿ ಪ್ರತಿ ಸಲವೂ ಹಿಂದಿರುಗುತ್ತಿತ್ತು. ನಾವು ಊರೆಲ್ಲ ಕೆಡವಿ ಕಟ್ಟಿದ್ದೆವು, ಅದರ ಮನೆಯನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದೆವು.

ಡಾಮಿನೊ ಮರಿಗಳು ಕಡಲಿನಲ್ಲಿ ಅನಿಮೋನ್ ಎಂಬ ಕಡಲ ಹೂವಿನ ಕುಚ್ಚುಗಳ ನಡುವೆ ಬೆಳೆಯುತ್ತವೆ, ಕೆಲವೊಮ್ಮೆ ಕವಲು ಹವಳಗಳ, ಕಡಲ ಮುಳ್ಳುಚೆಂಡುಗಳ ಆಸರೆ ಹಿಡಿಯುತ್ತವೆ. ಈ ತೊಟ್ಟಿಯಲ್ಲಿ ಅನಿಮೋನ್ ಇರಲಿಲ್ಲ. ಕುಚ್ಚು ಕುಚ್ಚಾಗಿ ಅಲ್ಲಾಡುವುದು ಲೆದರ್ ಹವಳ ಒಂದೇ. ಇನ್ನು ಕ್ಲೌನ್ ಮೀನುಗಳಿಗೂ ಬೇಕಾದದ್ದು ಅದೇ ಅನಿಮೋನ್, ಅದು ಸಿಗದಿದ್ದರೆ ಅದೇ ಲೆದರ್ ಹವಳ. ಕ್ಲೌನ್ ಕೂಡ ಡ್ಯಾಮ್ಸೆಲ್‌ಗಳ ಕುಲದ್ದೇ, ಎರಡೂ ಪೊಮಾಸೆಂಟ್ರಿಡೆ ಕುಟುಂಬದವು. ದಾಯಾದಿಗಳ ಜಗಳ ಎಂದರೆ ತಪ್ಪಾಗದು: ಮನೆ ಒಂದು, ಹಕ್ಕುದಾರರು ಇಬ್ಬರು. ಮೊದಲು ಬಂದವನ ಕೈಯಲ್ಲಿ ಬೀಗದ ಕೈ ಇತ್ತು.

ಹವಳವನ್ನೇ ಬೇರೆ ಕಡೆಗೆ ಸರಿಸೋಣ ಎಂದೆ. ಮೇಷ್ಟರು ಒಪ್ಪಲಿಲ್ಲ. “ಸರಿಸಿದರೆ ಜಗಳ ಬಲಗಡೆಗೆ ಹೋಗುತ್ತದೆ, ಅಷ್ಟೇ. ಮನೆ ಎರಡಾದರೆ?” ಎಂದರು. ನಾನು ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಆ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ.

ಲೆದರ್ ಹವಳವನ್ನು ಕತ್ತರಿಸಬಹುದು, ಅದು ಮತ್ತೆ ಬೆಳೆಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಹರಿತವಾದ ಬ್ಲೇಡಿನಿಂದ ಅದರ ಟೋಪಿಯ ಮೂರನೆಯ ಒಂದು ಭಾಗವನ್ನು ಕೊಯ್ದೆ. ತುಂಡನ್ನು ಚಿಕ್ಕ ಕಲ್ಲಿಗೆ ಬಲೆಯ ಬಟ್ಟೆಯಿಂದ ಸಡಿಲವಾಗಿ ಕಟ್ಟಿ ನೀರಿನ ಹರಿವು ಚೆನ್ನಾಗಿರುವಲ್ಲಿ ಇಟ್ಟೆವು. ಕೊಯ್ದ ಮೃದು ಹವಳ ನೀರಿಗೆ ವಿಷ ಬಿಡುತ್ತದೆ, ಅದಕ್ಕೆ ಸಂಪ್‌ನಲ್ಲಿ ಹೊಸ ಇದ್ದಿಲು ಹಾಕಿದೆವು. ಮೂರು ವಾರಕ್ಕೆ ತುಂಡು ಕಲ್ಲಿಗೆ ಹಿಡಿದುಕೊಂಡಿತು, ಕುಚ್ಚುಗಳು ಹೊರಬಂದವು. ಅದನ್ನು ಬಲತುದಿಯಲ್ಲಿ ಇಟ್ಟು, ನಡುವೆ ಬಂಡೆಗಳನ್ನು ಗೋಡೆಯಂತೆ ನಿಲ್ಲಿಸಿದೆವು. ಗೋಡೆಯ ಉದ್ದೇಶ ಒಂದೇ: ಎಡಗಡೆಯಿಂದ ನೋಡಿದರೆ ಬಲಗಡೆಯ ಹವಳ ಕಾಣಬಾರದು. ಡ್ಯಾಮ್ಸೆಲ್ ಅಟ್ಟುವುದು ಕಣ್ಣಿಗೆ ಬಿದ್ದವರನ್ನು.

ಹನ್ನೆರಡನೆಯ ದಿನ ಹೆಣ್ಣು ಕ್ಲೌನ್ ಆ ತುಂಡಿಗೆ ಮೈ ಉಜ್ಜಿತು, ಗಂಡು ಹಿಂಬಾಲಿಸಿತು. ಆಮೇಲೆ ಏಳೆಂಟು ತಿಂಗಳು ಆ ತೊಟ್ಟಿ ನಿಜವಾಗಿ ನೆಮ್ಮದಿಯಿಂದ ಇತ್ತು. ಚುಕ್ಕಿ ಅಟ್ಟುವುದನ್ನು ಬಿಟ್ಟಿತೆಂದಲ್ಲ. ಅಟ್ಟಿದರೆ ಓಡಿಹೋಗಲು ಕ್ಲೌನ್‌ಗಳಿಗೆ ಒಂದು ಮನೆಯಿತ್ತು, ಗೋಡೆಯವರೆಗೆ ಬಂದು ಚುಕ್ಕಿ ವಾಪಸಾಗುತ್ತಿತ್ತು.

ಎರಡನೆಯ ತಿರುವು

ಪ್ರಕರಣ ಇಲ್ಲಿಗೆ ಮುಗಿಯಿತೆಂದು ನಾನು ಅಂದುಕೊಂಡಿದ್ದೆ, ಬೇರೆಯವರಿಗೂ ಹಾಗೆಯೇ ಹೇಳಿದ್ದೆ. ಅದು ಅವಸರವಾಯಿತು.

ಚುಕ್ಕಿ ಬೆಳೆಯುತ್ತಲೇ ಇತ್ತು. ಹತ್ತು ಸೆಂಟಿಮೀಟರ್ ದಾಟುವ ಹೊತ್ತಿಗೆ ಹಣೆಯ ಚುಕ್ಕೆ ಪೂರ್ತಿ ಮಾಸಿತ್ತು, ಪಕ್ಕೆಯವು ಸಾಸಿವೆ ಕಾಳಿನಷ್ಟಾಗಿದ್ದವು, ಕಪ್ಪು ಮೈ ಬೂದು ಬಣ್ಣಕ್ಕೆ ತಿರುಗಿತ್ತು. ರಾತ್ರಿ ಕೂಡ ಅದು ಲೆದರ್ ಹವಳಕ್ಕೆ ಹೋಗುತ್ತಿರಲಿಲ್ಲ. ನಡುಗೋಡೆಯ ಬುಡದ ಚಪ್ಪಟೆ ಕಲ್ಲೊಂದನ್ನು ಬಾಯಿಂದ ಕಚ್ಚಿ ಕಚ್ಚಿ ಪಾಚಿಯಿಲ್ಲದಂತೆ ಮಾಡಿಕೊಂಡಿತ್ತು. ಅದರ ಮೇಲೆ ಸರ್ರನೆ ಏರುವುದು, ತಕ್ಷಣ ಕೆಳಕ್ಕೆ ಧುಮುಕುವುದು. ಗಾಜಿಗೆ ಕಿವಿ ಕೊಟ್ಟರೆ ಟಕ್‌ಟಕ್ ಎಂದು ಸದ್ದು ಕೇಳುತ್ತಿತ್ತು. ಪಾಚಿ ಒರೆಸಲು ಕೈ ಇಳಿಸಿದ ಮೇಷ್ಟರ ಮಣಿಕಟ್ಟಿನ ಚರ್ಮ ತರಚಿ ರಕ್ತ ಜಿನುಗಿತು. ಒಂದು ಬೆಳಿಗ್ಗೆ ಹೆಣ್ಣು ಕ್ಲೌನಿನ ಬಾಲದ ಅರ್ಧ ಹರಿದಿತ್ತು. ಎರಡು ದಿನ ಅದು ಆಹಾರ ಮುಟ್ಟಲಿಲ್ಲ.

ಬೆಳೆದ ಡಾಮಿನೊಗಳು ಕಡಲಿನಲ್ಲಿ ಅನಿಮೋನ್ ಬಿಟ್ಟು ಬಂಡೆಸಾಲಿನ ಮೇಲೆ ಸಡಿಲವಾದ ಗುಂಪುಗಳಲ್ಲಿ ಇರುತ್ತವೆ. ಮರಿಯ ಮನೆ ಬೇರೆ, ದೊಡ್ಡದರ ಬಯಲು ಬೇರೆ. ನಮ್ಮ ಎರಡು ಮನೆಗಳ ಏರ್ಪಾಡು ಮರಿಗೆ ಸರಿಹೋಗಿತ್ತು. ಈಗ ಅದಕ್ಕೆ ಬೇಕಾದದ್ದು ಬಯಲು, ಆ ಬಯಲು ನಾಲ್ಕಡಿಯ ತೊಟ್ಟಿ ಇಡಿಯಾಗಿ.

ಮಾರಿದವರಿಗೇ ಹಿಂದಿರುಗಿಸಬಹುದಿತ್ತು. ಆದರೆ ಅದು ಇನ್ನೊಬ್ಬ ಹೊಸಬರ ತೊಟ್ಟಿಗೆ ಹೋಗಿ ಇದೇ ಕಥೆ ಮೊದಲಿನಿಂದ ನಡೆಯುವುದು ಖಚಿತವಿತ್ತು. ನೆಂಟರೊಬ್ಬರು ಮುರುಡೇಶ್ವರಕ್ಕೆ ಹೋಗುವಾಗ ಒಯ್ದು ನೇತ್ರಾಣಿ ದ್ವೀಪದ ಹತ್ತಿರ ಬಿಡುತ್ತೇನೆ ಎಂದರು, ಒಳ್ಳೆಯ ಮನಸ್ಸಿನಿಂದಲೇ. ಇದಕ್ಕೆ ನಾನು ಗಟ್ಟಿಯಾಗಿ ಬೇಡ ಎಂದೆ. ತೊಟ್ಟಿಯ ನೀರಿನಲ್ಲಿ ದೇಶವಿದೇಶದ ಮೀನುಗಳ ಜೊತೆ ಬದುಕಿದ ಮೀನು ಯಾವ ಪರೋಪಜೀವಿಯನ್ನು ಹೊತ್ತಿದೆಯೋ ಹೇಳಲಾಗದು. ನೇತ್ರಾಣಿಯ ಸುತ್ತಲಿನ ಹವಳಗಳಲ್ಲಿ ತಮ್ಮ ಪಾಡಿಗೆ ಬದುಕಿರುವ ಮೀನುಗಳಿಗೆ ಅದನ್ನು ಅಂಟಿಸುವ ಹಕ್ಕು ನಮಗಿಲ್ಲ. ಸಾಕಿದ ಮೀನನ್ನು ಯಾವ ಕಾರಣಕ್ಕೂ ಕಡಲಿಗೆ ಬಿಡಬಾರದು.

ಉಳಿದದ್ದು ಬೇರೆ ತೊಟ್ಟಿ. ಖರ್ಚಿನ ಮಾತು ಬಂದಾಗ ಮನೆಯಲ್ಲಿ ಒಂದು ವಾರ ಚರ್ಚೆಯಾಯಿತು. ಕೊನೆಗೆ ಅಮ್ಮನವರೇ “ತಂದವರು ನಾವು, ನೋಡಿಕೊಳ್ಳಬೇಕಾದವರೂ ನಾವೇ” ಎಂದು ಮುಗಿಸಿದರು. ಮೂರಡಿಯ, 180 ಲೀಟರಿನ ತೊಟ್ಟಿ ಬಂತು. ಹಳೆಯ ಸಂಪ್‌ನಿಂದ ಬ್ಯಾಕ್ಟೀರಿಯಾ ನೆಲೆಸಿದ ಸೆರಾಮಿಕ್ ತುಂಡುಗಳನ್ನು ಹಾಕಿ, ಅಮೋನಿಯಂ ಕ್ಲೋರೈಡ್ ಬಿಟ್ಟು, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಒಂದೇ ದಿನದಲ್ಲಿ ಸೊನ್ನೆಗೆ ಇಳಿಯುವವರೆಗೆ ಕಾದೆವು. ಈ ಸಲ ಯಾವ ಮೀನನ್ನೂ ಮುಂದೆ ದೂಡಲಿಲ್ಲ.

ಹಿಡಿಯುವುದು ಹೇಗೆ? ಬಲೆ ಹಿಡಿದು ಅಟ್ಟಿದರೆ ಬಂಡೆಗಳೆಲ್ಲ ಮತ್ತೆ ಕೆಡವಬೇಕಿತ್ತು. ಮೊದಲು ಸೋತ ಕನ್ನಡಿ ಇಲ್ಲಿ ಕೆಲಸಕ್ಕೆ ಬಂತು. ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯ ಒಳತುದಿಗೆ ಪುಟ್ಟ ಕನ್ನಡಿ ಸೇರಿಸಿ, ಬಾಗಿಲನ್ನು ದಾರದಿಂದ ಎತ್ತಿ ಕಟ್ಟಿ, ಚಪ್ಪಟೆ ಕಲ್ಲಿನ ಪಕ್ಕದಲ್ಲಿ ಇಟ್ಟೆವು. ಎರಡು ದಿನ ಚುಕ್ಕಿ ಸುತ್ತು ಹಾಕಿತು. ಮೂರನೆಯ ಸಂಜೆ ತನ್ನ ಜಾಗಕ್ಕೆ ಬಂದ ಆ ಇನ್ನೊಂದು ಮೀನನ್ನು ಸಹಿಸಲಾರದೆ ಒಳಗೆ ನುಗ್ಗಿತು. ಮೊಮ್ಮಗಳು ದಾರ ಬಿಟ್ಟಳು.

ನಾನು ಬದಲಿಸಿಕೊಂಡದ್ದು

ಈಗ ನಾನು ಬಂಡೆ ಸರಿಸಿ ಎಂದು ಯಾರಿಗೂ ಮೊದಲ ಮಾತಿಗೇ ಹೇಳುವುದಿಲ್ಲ. ಒಂದು ವಾರ ಗಾಜಿನ ಮೇಲೆ ಗುರುತು ಹಾಕಿ, ಅಟ್ಟಾಟ ಎಲ್ಲಿ ನಿಲ್ಲುತ್ತದೆ ನೋಡಿ, ಆಮೇಲೆ ಮಾತನಾಡೋಣ ಎನ್ನುತ್ತೇನೆ. ಅಟ್ಟಲು ಹೊರಡುವ ಜಾಗಕ್ಕಿಂತ ಹಿಂದಿರುಗುವ ಜಾಗ ಹೆಚ್ಚು ಹೇಳುತ್ತದೆ. ಮೀನು ಏನನ್ನು ಕಾಯುತ್ತಿದೆ ಎಂಬುದು ಆ ಗೆರೆಗಳ ನಡುವೆ ಸಿಗುತ್ತದೆ. ಹೊಸ ಮೀನನ್ನು ಶಾಂತಿಯ ಎರಡನೆಯ ದಿನ ಬಿಡುವುದಿಲ್ಲ, ಎರಡು ವಾರ ಕಾಯುತ್ತೇನೆ. ಆಮೇಲೂ ರಂಧ್ರಗಳ ಪೆಟ್ಟಿಗೆಯಲ್ಲಿಟ್ಟು ಪರಸ್ಪರ ನೋಡಿಕೊಳ್ಳಲು ಬಿಡುತ್ತೇನೆ. ಡ್ಯಾಮ್ಸೆಲ್ ಬೇಕೇ ಬೇಕು ಎನ್ನುವವರಿಗೆ ಅದನ್ನು ಎಲ್ಲರಿಗಿಂತ ಕೊನೆಗೆ ತನ್ನಿ, ಡಾಮಿನೊ ಬದಲು ಹಳದಿ ಬಾಲದ ನೀಲಿ ಡ್ಯಾಮ್ಸೆಲ್‌ನಂಥ ಚಿಕ್ಕ, ಸಾಧು ಜಾತಿ ನೋಡಿ ಎನ್ನುತ್ತೇನೆ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಡಾಮಿನೊ ಸೇರಿ ಹಲವು ಡ್ಯಾಮ್ಸೆಲ್ ಜಾತಿಗಳನ್ನು ಹ್ಯಾಚರಿಯಲ್ಲಿ ಮರಿ ಮಾಡಿಸಿದ್ದಾರೆ. ಹ್ಯಾಚರಿಯ ಮರಿ ಸಿಗುವುದಾದರೆ ಕಡಲಿನ ಮರಿಯನ್ನು ಕೇಳಬೇಡಿ.

ಕ್ಲೌನ್‌ನ ಬಾಲ ಐದಾರು ವಾರಕ್ಕೆ ತುಂಬಿಕೊಂಡಿತು. ಹೊಸ ತೊಟ್ಟಿಗೆ ಚುಕ್ಕಿಯ ಜೊತೆ ಹಳೆಯ ಲೆದರ್ ಹವಳವನ್ನೂ ಕಳಿಸಿದ್ದೆವು. ಚುಕ್ಕಿ ಅದರತ್ತ ತಿರುಗಿಯೂ ನೋಡಲಿಲ್ಲ, ಪಂಪಿನ ನೆರಳಿನ ಬಂಡೆಯನ್ನು ಹಿಡಿದುಕೊಂಡಿತು. ಚೆನ್ನಾಗಿ ನೋಡಿಕೊಂಡರೆ ಇಂಥ ಮೀನು ಹತ್ತು ವರ್ಷವನ್ನೂ ದಾಟೀತು. ಇದನ್ನು ನಾನು ಹೇಳಿದಾಗ ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೀಗ ಎಪ್ಪತ್ತೊಂದು ಎಂದರು. ನೀರಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಈಗ ಉಪ್ಪಿನ ಅಳತೆ, ಆಹಾರದ ಹೊತ್ತು, ನನ್ನ ಫೋನ್ ನಂಬರ್ ಇವೆ. ಅದರ ಕೆಳಗೆ ಮೊಮ್ಮಗಳು ತನ್ನ ಹೆಸರು ಬರೆದು ತಾರೀಕು ಹಾಕಿದ್ದಾಳೆ.